ಕಲನಶಾಸ್ತ್ರವೂ ಕನ್ನಡ ವಾಕ್ಯವೂ

ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೨೦೨೪ರ ಜುಲೈ ತಿಂಗಳಲ್ಲಿ ‘ಅಸ್ಮಿತಾ’ ಎಂಬ ಯೋಜನೆಯೊಂದನ್ನು ಆರಂಭಿಸಿತು. ಐದು ವರ್ಷಗಳ ಅವಧಿಯಲ್ಲಿ ಭಾರತದ ೨೨ ಭಾಷೆಗಳಲ್ಲಿ ಒಟ್ಟು ೨೨,೦೦೦ ಪುಸ್ತಕಗಳನ್ನು ಉಚ್ಚ ಶಿಕ್ಷಣಕ್ಕಾಗಿ ಸಿದ್ಧಪಡಿಸಬೇಕೆಂಬುದು ಅದರ ಗುರಿ. ಸಮವಾಗಿ ಹಂಚಿದರೆ ಕನ್ನಡದ ಪಾಲಿಗೆ ಒಂದು ಸಾವಿರ ಪುಸ್ತಕ ಬಂದಂತಾಯಿತು. ಮರುವರ್ಷದ ಕೇಂದ್ರ ಆಯವ್ಯಯದಲ್ಲಿ ‘ಭಾರತೀಯ ಭಾಷಾ ಪುಸ್ತಕ ಯೋಜನೆ’ಯೂ ಘೋಷಿತವಾಯಿತು, ಭಾರತೀಯ ಭಾಷೆಗಳ ಪಠ್ಯಗಳನ್ನು ಡಿಜಿಟಲ್ ರೂಪದಲ್ಲಿ ಒದಗಿಸುವುದು ಇದರ ಉದ್ದೇಶ. ಇವಕ್ಕೂ ಮುಂಚೆಯೇ ‘ಅನುವಾದಿನಿ’ ಎಂಬ ಭಾಷಾಂತರ ಯಂತ್ರವು ತಾಂತ್ರಿಕ ಶಿಕ್ಷಣ ಪರಿಷತ್ತಿನ ಆಶ್ರಯದಲ್ಲಿ ಹುಟ್ಟಿತ್ತು. ಕನ್ನಡದ ಅಭಿಮಾನಿಗಳಾದವರು ಇದನ್ನೆಲ್ಲ ಕೇಳಿ ಸಂತೋಷಪಡಬೇಕಾದದ್ದೇ. ಆದರೆ ಸಾವಿರ ಎಂಬ ಸಂಖ್ಯೆ ದೊಡ್ಡದಾಗಿರುವುದರಿಂದಲೇ ಅದರೊಳಗಿನ ಒಂದೊಂದು ಪುಸ್ತಕ ನಮ್ಮ ಕಣ್ಣಿಗೆ ಬೀಳದೆ ಹೋಗುವ ಭಯವುಂಟು. ಆದ್ದರಿಂದ ಆ ಸಾವಿರದಲ್ಲಿ ಇರಲೇಬೇಕಾದ ಒಂದನ್ನು ಮಾತ್ರ ಇಲ್ಲಿ ವಿಚಾರಕ್ಕೆ ಎತ್ತಿಕೊಳ್ಳುತ್ತೇನೆ. ಅದು ಭೌತಶಾಸ್ತ್ರವನ್ನು ಆರಿಸಿಕೊಂಡ ಬಿ.ಎಸ್ಸಿ. ಮೊದಲ ವರ್ಷದ ವಿದ್ಯಾರ್ಥಿಗೆ ಬೇಕಾದ ಕಲನಶಾಸ್ತ್ರದ ಪುಸ್ತಕ.

ಕನ್ನಡದ ಮೇಷ್ಟರಿಗೆ ಕಲನಶಾಸ್ತ್ರದ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಕೇಳಲಿ. ಕಲನಶಾಸ್ತ್ರದ ಕೆಳಗೆ ಅಡಿಪಾಯವಾಗಿ ನಿಂತಿರುವ ವಿಶ್ಲೇಷಣಗಣಿತವು ಬಹುಮಟ್ಟಿಗೆ ವಾಕ್ಯರಚನೆಯ ವಿಷಯ ಎಂಬುದು ಈ ಲೇಖನದ ಉದ್ದಕ್ಕೂ ನಾನು ಹೇಳಲಿರುವ ಮಾತು. ವಾಕ್ಯದ ವಿಷಯವಾದ ಮೇಲೆ ಅದು ನಮ್ಮ ವಿಷಯವೂ ಹೌದು.

ನಮ್ಮ ನಾಡಿನ ಸಂದರ್ಭದಲ್ಲಿ ಪ್ರಶ್ನೆ ಇನ್ನಷ್ಟು ತುರ್ತಾಗಿದೆ. ೨೦೨೧-೨೨ರಲ್ಲಿ ಕರ್ನಾಟಕವು ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕಾಲೇಜುಗಳಿಗೆ ತಂದಾಗ ವಿಜ್ಞಾನದ ವಿದ್ಯಾರ್ಥಿಯ ಮುಖ್ಯ ವಿಷಯಗಳು ಮೂರರಿಂದ ಎರಡಕ್ಕೆ ಇಳಿದವು. ಭೌತಶಾಸ್ತ್ರವನ್ನೂ ರಸಾಯನಶಾಸ್ತ್ರವನ್ನೂ ಹಿಡಿದವನು ಗಣಿತವನ್ನು ಕೈಬಿಡಬಹುದಾಯಿತು. ಗಣಿತವಿಲ್ಲದ ಭೌತಶಾಸ್ತ್ರವೆಂದರೆ ಛಂದಸ್ಸು ತಿಳಿಯದೆ ಪಂಪನನ್ನು ಓದಿದಂತೆ. ಓದಬಹುದು, ಆದರೆ ಎಲ್ಲಿ ನಿಲ್ಲಬೇಕೆಂದು ತಿಳಿಯದು. ೨೦೨೪ರಲ್ಲಿ ಸರ್ಕಾರವು ನಾಲ್ಕು ವರ್ಷದ ಪದವಿಯನ್ನು ಬಿಟ್ಟು ಮೂರು ವರ್ಷದ, ಮೂರು ವಿಷಯಗಳ ಹಳೆಯ ಪದ್ಧತಿಗೆ ಮರಳಿತು. ೨೦೨೫ರ ಆಗಸ್ಟಿನಲ್ಲಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ಆಯೋಗವು ರಾಜ್ಯ ಶಿಕ್ಷಣ ನೀತಿಯ ವರದಿಯನ್ನು ಒಪ್ಪಿಸಿತು. ಶಾಲಾ ಶಿಕ್ಷಣದಲ್ಲಿ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮಕ್ಕೆ ಅದು ಒತ್ತು ಕೊಟ್ಟಿದೆ. ನಾಲ್ಕು ವರ್ಷಗಳೊಳಗೆ ಎರಡು ಸಲ ಪಠ್ಯಕ್ರಮ ಬದಲಾದದ್ದರ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ಗಣಿತ ಮರಳಿ ಬಂದಿತು, ಅಷ್ಟು ಸಾಕು. ಆದರೆ ಯಾವ ಮಾತಿನಲ್ಲಿ ಬಂದಿತು?

ಈ ಪ್ರಶ್ನೆಯನ್ನು ಅರಿಯಲು ಗಣಿತದ ಹೊಸ್ತಿಲನ್ನು ಸ್ವಲ್ಪ ದಾಟಬೇಕು. ಸಾಹಿತ್ಯದ ವಾಚಕರು ಹೆದರಬೇಕಾದದ್ದಿಲ್ಲ. ಗುಣಾಕಾರ ಬಂದರೆ ಸಾಕು. ಆಳವಾದ ಬಾವಿಯೊಂದಕ್ಕೆ ಕಲ್ಲನ್ನು ಕೈಬಿಟ್ಟರೆ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದಲ್ಲಿ, ಅದು ಬಿದ್ದ ದೂರವು ಕಾಲದ ವರ್ಗವನ್ನು ೪.೯ರಿಂದ ಗುಣಿಸಿದಷ್ಟು ಮೀಟರು. ಒಂದು ಸೆಕೆಂಡಿಗೆ ೪.೯, ಎರಡು ಸೆಕೆಂಡಿಗೆ ೧೯.೬. ಸರಿ, ಮೊದಲ ಸೆಕೆಂಡು ಮುಗಿದ ಆ ಕ್ಷಣದಲ್ಲಿ ಕಲ್ಲಿನ ವೇಗವೆಷ್ಟು? ವೇಗವೆಂದರೆ ದೂರವನ್ನು ಕಾಲದಿಂದ ಭಾಗಿಸಿದ್ದು. ಕ್ಷಣವೆಂಬುದಕ್ಕೆ ಉದ್ದವಿಲ್ಲ, ಆ ಕ್ಷಣದಲ್ಲಿ ಕಲ್ಲು ಸಾಗಿದ ದೂರವೂ ಇಲ್ಲ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವುದು ಹೇಗೆ? ಆದ್ದರಿಂದ ಸ್ವಲ್ಪ ಕಾಲವನ್ನು ತೆಗೆದುಕೊಳ್ಳೋಣ. ಮೊದಲ ಸೆಕೆಂಡಿನಿಂದ ಎರಡನೆಯದರ ವರೆಗೆ ಸರಾಸರಿ ವೇಗ ೧೪.೭. ಕಾಲಾವಧಿಯನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಿದರೆ ೧೦.೨೯. ನೂರನೆಯ ಒಂದು ಭಾಗಕ್ಕೆ ಇಳಿಸಿದರೆ ೯.೮೪೯. ಸಾವಿರದ ಒಂದು ಭಾಗಕ್ಕೆ ೯.೮೦೪೯. ಈ ಸಂಖ್ಯೆಗಳೆಲ್ಲ ಎತ್ತ ಮುಖಮಾಡಿವೆ ಎಂಬುದು ಮಗುವಿಗೂ ಕಾಣುತ್ತದೆ: ೯.೮. ಆದರೆ ಇವುಗಳಲ್ಲಿ ಒಂದೂ ೯.೮ ಅಲ್ಲ. ಆಗದ ಸಂಖ್ಯೆಯನ್ನು ವೇಗವೆಂದು ಹೇಳುವ ಅಧಿಕಾರ ನಮಗೆ ಎಲ್ಲಿಂದ ಬಂದಿತು?

ಇದು ಹಳೆಯ ಜಗಳ. ಲೈಬ್ನಿಟ್ಸ್ ತನ್ನ ವಿಧಾನವನ್ನು ೧೬೮೪ರಲ್ಲಿ ಪ್ರಕಟಿಸಿದ. ನ್ಯೂಟನ್ನನ ‘ಪ್ರಿನ್ಸಿಪಿಯಾ’ ೧೬೮೭ರಲ್ಲಿ ಹೊರಬಂದಿತು. ಇಬ್ಬರ ಲೆಕ್ಕವೂ ಸರಿಯಾಗಿ ಬರುತ್ತಿತ್ತು, ಸಮರ್ಥನೆ ಮಾತ್ರ ಸರಿಯಾಗಿ ಬರುತ್ತಿರಲಿಲ್ಲ. ಮೊದಲು ಸೊನ್ನೆಯಲ್ಲವೆಂದು ಹೇಳಿ ಭಾಗಿಸಿ, ಆಮೇಲೆ ಸೊನ್ನೆಯೆಂದು ಹೇಳಿ ಬಿಟ್ಟುಬಿಡುವ ಈ ಅತಿಸೂಕ್ಷ್ಮ ಪ್ರಮಾಣಗಳನ್ನು ಬಿಷಪ್ ಬರ್ಕ್ಲಿ ೧೭೩೪ರಲ್ಲಿ ಸತ್ತವರ ಪ್ರೇತಗಳಿಗೆ ಹೋಲಿಸಿ ಹಾಸ್ಯಮಾಡಿದ. ಪಾದ್ರಿಯ ಹಾಸ್ಯಕ್ಕೆ ಗಣಿತಜ್ಞರಿಂದ ತೃಪ್ತಿಕರವಾದ ಉತ್ತರ ಬರಲು ಸುಮಾರು ಒಂದು ಶತಮಾನ ಬೇಕಾಯಿತು. ೧೮೨೧ರಲ್ಲಿ ಪ್ಯಾರಿಸ್ಸಿನ ಕೋಶಿ, ಆ ಬಳಿಕ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬರ್ಲಿನ್ನಿನ ವೈಯರ್‌ಸ್ಟ್ರಾಸ್, ಇವರು ಆ ಉತ್ತರವನ್ನು ರೂಪಿಸಿದರು. ಉತ್ತರದಲ್ಲಿ ಹೊಸ ಸಂಖ್ಯೆಯಿಲ್ಲ, ಹೊಸ ಚಿತ್ರವಿಲ್ಲ. ಇರುವುದು ಒಂದು ವಾಕ್ಯ. ಇಂದು ಎಪ್ಸಿಲಾನ್-ಡೆಲ್ಟಾ ನಿರೂಪಣೆ ಎಂಬ ಹೆಸರಿನಿಂದ ಲೋಕದ ಎಲ್ಲ ಕಾಲೇಜುಗಳಲ್ಲಿಯೂ ಹುಡುಗರ ನಿದ್ದೆ ಕೆಡಿಸುತ್ತಿರುವ ವಾಕ್ಯ ಅದೇ.

ನಮ್ಮ ಕಾಲೇಜುಗಳಲ್ಲಿ ಆ ವಾಕ್ಯದ ಗತಿಯೇನು? ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡದಲ್ಲಿ ಓದಿ, ಪದವಿಪೂರ್ವ ತರಗತಿಯಲ್ಲಿ ಹೇಗೋ ಇಂಗ್ಲಿಷಿನೊಡನೆ ಏಗಿ ಬಂದ ಹುಡುಗಿಯೊಬ್ಬಳು ಒಂದು ಮಧ್ಯಾಹ್ನ ಅಧ್ಯಾಪಕರ ಕೊಠಡಿಗೆ ಬಂದು, “ಸರ್, ಆರ್ಬಿಟ್ರರಿ ಅಂದರೆ ಏನು?” ಎಂದು ನನ್ನನ್ನು ಕೇಳಿದಳು. ಗಣಿತದ ಮೇಷ್ಟರನ್ನು ಕೇಳಬಾರದೇನಮ್ಮಾ ಎಂದೆ. “ಅದು ಇಂಗ್ಲಿಷ್ ಪದ ಸರ್, ಅದಕ್ಕೆ ನಿಮ್ಮ ಹತ್ತಿರ ಬಂದೆ” ಎಂದಳು. ನಿಘಂಟನ್ನು ಅವಳಾಗಲೇ ನೋಡಿದ್ದಳು. ಅದರಲ್ಲಿ ‘ನಿರಂಕುಶ’, ‘ಸ್ವೇಚ್ಛಾಚಾರದ’ ಎಂದು ಅರ್ಥ ಕೊಟ್ಟಿತ್ತು. ನಿರಂಕುಶವಾದ ಚಿಕ್ಕ ಸಂಖ್ಯೆ! ದೊರೆಗಳಲ್ಲಿ ನಿರಂಕುಶರನ್ನು ಕಂಡಿದ್ದೇವೆ, ಸಂಖ್ಯೆಗಳಲ್ಲಿ ಕಂಡಿಲ್ಲ. ಅವಳ ನೋಟ್‌ಪುಸ್ತಕದಲ್ಲಿ ಆ ನಿರೂಪಣೆ ಇಂಗ್ಲಿಷಿನಲ್ಲಿ ಮೂರು ಸಲ ಅಂದವಾಗಿ ಬರೆದಿತ್ತು. ಪರೀಕ್ಷೆಗೆ ಕಂಠಪಾಠವಾಗಿತ್ತು. ಒಂದು ಅಕ್ಷರವೂ ತಪ್ಪಿರಲಿಲ್ಲ, ಒಂದು ಅಕ್ಷರವೂ ಅರ್ಥವಾಗಿರಲಿಲ್ಲ.

ಆ ಇಂಗ್ಲಿಷ್ ವಾಕ್ಯದ ಪದಗಳನ್ನು ಇದ್ದ ಕ್ರಮದಲ್ಲಿಯೇ ಕನ್ನಡಕ್ಕೆ ಸಾಗಿಸಿದರೆ ಸಿಗುವುದು ಇಂಥ ಸರಕು: “ಪ್ರತಿ ಸ್ವೇಚ್ಛ ಧನ ಎಪ್ಸಿಲಾನ್‌ಗಾಗಿ ಒಂದು ಧನ ಡೆಲ್ಟಾ ಅಸ್ತಿತ್ವದಲ್ಲಿದೆ, ಅಂತಹದೆಂದರೆ...” ಇದನ್ನು ಕನ್ನಡವೆನ್ನುವುದಾದರೆ ಇಂಗ್ಲಿಷೇ ಮೇಲು. ಅಲ್ಲಿ ಕಡೆಗೆ ವ್ಯಾಕರಣವಾದರೂ ನೆಟ್ಟಗಿದೆ. ಅದೇ ಬಾವಿಯ ಕಲ್ಲಿನ ಬಗೆಗೆ ನಾವು ಮಾತನಾಡುವ ರೀತಿಯಲ್ಲಿ ಹೇಳಿ ನೋಡೋಣ: “ಸರಾಸರಿ ವೇಗವು ೯.೮ಕ್ಕೆ ಎಷ್ಟು ಹತ್ತಿರವಿರಬೇಕೆಂದು ನೀವು ಕೇಳಿದರೂ ಸರಿಯೇ, ಅಷ್ಟು ಹತ್ತಿರ ಬರುವಂತಹ ಒಂದು ಕಾಲಾವಧಿಯನ್ನು ನಾನು ಕೊಡಬಲ್ಲೆ. ಅದಕ್ಕಿಂತ ಚಿಕ್ಕ ಅವಧಿಯನ್ನು ತೆಗೆದುಕೊಂಡರೂ ಆ ಹತ್ತಿರ ಕೆಡುವುದಿಲ್ಲ.” ನೂರನೆಯ ಒಂದು ಭಾಗಕ್ಕಿಂತ ಹೆಚ್ಚು ವ್ಯತ್ಯಾಸವಿರಬಾರದೆಂದು ನೀವು ಹೇಳಿದಿರೋ, ಸೆಕೆಂಡಿನ ಸಾವಿರದ ಎರಡು ಭಾಗ ಇಗೋ ಎಂದು ನಾನು ಕೊಡುತ್ತೇನೆ. ಸಾಲದೆ ಇನ್ನೂ ಬಿಗಿಮಾಡಿದಿರೋ, ನಾನು ಇನ್ನೂ ಚಿಕ್ಕದನ್ನು ಕೊಡುತ್ತೇನೆ. ನೀವು ಸೋಲುವವರೆಗೂ ಈ ಚೌಕಾಶಿ ನಡೆಯಲಿ, ನಾನು ಸೋಲುವುದಿಲ್ಲ. ೯.೮ ಎಂಬುದು ಆ ಸೋಲದ ಮಾತಿನ ಹೆಸರು. ನಿರಂಕುಶವೂ ಇಲ್ಲಿಲ್ಲ, ಅಸ್ತಿತ್ವವೂ ಇಲ್ಲಿಲ್ಲ. ಕನ್ನಡದ ‘ಎಷ್ಟೇ... ಆದರೂ’, ‘ಎಷ್ಟು... ಅಷ್ಟು’ ಎಂಬ ಜೋಡಿಪದಗಳು ವೈಯರ್‌ಸ್ಟ್ರಾಸ್‌ನ ಕೆಲಸವನ್ನು ಸದ್ದಿಲ್ಲದೆ ಮಾಡಿಬಿಡುತ್ತವೆ. ಕೇಳುವವನು ಮೊದಲು, ಕೊಡುವವನು ಆಮೇಲೆ ಎಂಬ ಕ್ರಮವೂ ಆ ಜೋಡಿಯೊಳಗೇ ಅಡಗಿದೆ. ಈ ಕ್ರಮವೇ ನಿರೂಪಣೆಯ ಜೀವ.

ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಗಣಿತದ ಇತಿಹಾಸದಲ್ಲಿಯೇ ದೊಡ್ಡ ನಿದರ್ಶನವುಂಟು. ನಿರಂತರವಾದ ಉತ್ಪನ್ನಗಳನ್ನು, ಅಂದರೆ ಎಲ್ಲಿಯೂ ಕಡಿಯದೆ ಸಾಗುವ ರೇಖೆಗಳನ್ನು, ಒಂದರ ಮೇಲೊಂದು ಕೊನೆಯಿಲ್ಲದೆ ಕೂಡುತ್ತ ಹೋದಾಗ ಆ ಮೊತ್ತವು ಎಲ್ಲೆಡೆಯೂ ಒಂದು ಬೆಲೆಗೆ ನೆಲೆಗೊಂಡರೆ, ಆ ಮೊತ್ತದ ರೇಖೆಯೂ ಕಡಿಯದೆ ಸಾಗುವುದೆಂದು ಕೋಶಿ ೧೮೨೧ರ ತನ್ನ ಪಠ್ಯಪುಸ್ತಕದಲ್ಲಿ ಬರೆದ. ಮರುವರ್ಷವೇ ಪ್ರಕಟವಾದ ಫೂರ್ಯೇಯ ಉಷ್ಣಸಿದ್ಧಾಂತದಲ್ಲಿ ನಯವಾದ ಅಲೆಗಳನ್ನು ಕೂಡಿ ಥಟ್ಟನೆ ಕಡಿದು ನಿಲ್ಲುವ ರೇಖೆಗಳನ್ನು ಪಡೆಯುವ ವಿಧಾನವಿತ್ತು! ಕಬ್ಬಿಣದ ಸರಳಿನಲ್ಲಿ ಶಾಖ ಹರಿಯುವುದನ್ನು ವಿವರಿಸಲು ಹೊರಟ ಭೌತಶಾಸ್ತ್ರವು ಗಣಿತದ ಪ್ರಮೇಯವನ್ನೇ ಅಲುಗಿಸಿತು. ೧೮೨೬ರಲ್ಲಿ ನಾರ್ವೆಯ ತರುಣ ಆಬೆಲ್ ಕೋಶಿಯ ಪ್ರಮೇಯಕ್ಕೆ ಅಪವಾದಗಳುಂಟೆಂದು ಸ್ಪಷ್ಟವಾಗಿ ತೋರಿಸಿದ. ತೊಡಕು ಎಲ್ಲಿದೆಯೆಂಬುದು ಬಿಡಿಸಿ ತಿಳಿದದ್ದು ೧೮೪೦ರ ದಶಕದ ಕೊನೆಯಲ್ಲಿ, ಸ್ಟೋಕ್ಸ್ ಮತ್ತು ಸೈಡೆಲ್ ಎಂಬಿಬ್ಬರು ಬೇರೆಬೇರೆಯಾಗಿ ಶೋಧಿಸಿದ ಮೇಲೆ.

ಆ ತೊಡಕನ್ನು ಕನ್ನಡದಲ್ಲಿ ಹೇಳುವುದು ಎಷ್ಟು ಸುಲಭ ನೋಡಿ. “ಪ್ರತಿಯೊಂದು ಬಾಗಿಲಿಗೂ ಒಂದು ಬೀಗದಕೈ ಉಂಟು.” “ಎಲ್ಲ ಬಾಗಿಲಿಗೂ ಒಂದೇ ಬೀಗದಕೈ ಉಂಟು.” ಹಾಸ್ಟೆಲಿನ ಹುಡುಗರಿಗೆ ಈ ಎರಡು ವಾಕ್ಯಗಳ ವ್ಯತ್ಯಾಸವನ್ನು ಯಾರೂ ಕಲಿಸಬೇಕಾಗಿಲ್ಲ. ಮೊತ್ತವು ಬೇಕಾದಷ್ಟು ಹತ್ತಿರ ಬರಲು ಎಷ್ಟು ಪದಗಳನ್ನು ಕೂಡಬೇಕೆಂಬ ಪ್ರಶ್ನೆಗೆ ಒಂದೊಂದು ಬಿಂದುವಿನಲ್ಲಿಯೂ ಒಂದೊಂದು ಉತ್ತರವಿದ್ದರೆ ಅದು ಸಾಮಾನ್ಯ ನೆಲೆಗೊಳ್ಳುವಿಕೆ. ಎಲ್ಲ ಬಿಂದುಗಳಿಗೂ ಒಂದೇ ಉತ್ತರ ಸಾಕಾದರೆ ಅದು ಏಕರೂಪದ ನೆಲೆಗೊಳ್ಳುವಿಕೆ. ಎರಡನೆಯದು ಇದ್ದಲ್ಲಿ ಕೋಶಿಯ ಮಾತು ನಿಲ್ಲುತ್ತದೆ. ಮೊದಲನೆಯದಷ್ಟೇ ಇದ್ದಲ್ಲಿ ಬೀಳಬಹುದು. ನಿರಂತರತೆಯ ವಿಷಯದಲ್ಲಿಯೂ ಹೀಗೆಯೇ. ಒಂದನ್ನು ಎಕ್ಸ್‌ನಿಂದ ಭಾಗಿಸಿದಾಗ ಬರುವ ರೇಖೆಯು ಸೊನ್ನೆಗೂ ಒಂದಕ್ಕೂ ನಡುವೆ ಎಲ್ಲಿಯೂ ಕಡಿಯುವುದಿಲ್ಲ. ಪ್ರತಿಯೊಂದು ಬಿಂದುವಿಗೂ ತಕ್ಕ ಒಂದು ಡೆಲ್ಟಾ ಉಂಟು. ಆದರೆ ಸೊನ್ನೆಯ ಕಡೆ ಸರಿದಷ್ಟೂ ರೇಖೆ ಕಡಿದಾಗಿ ಏರುತ್ತ ಹೋಗುವುದರಿಂದ ಎಲ್ಲ ಬಿಂದುಗಳಿಗೂ ಒಪ್ಪುವ ಒಂದೇ ಡೆಲ್ಟಾ ಇಲ್ಲ. ಇಂಗ್ಲಿಷಿನಲ್ಲಿ ಈ ಭೇದವನ್ನು ಪದಗಳ ಅನುಕ್ರಮವೊಂದೇ ಹೊರಬೇಕು. ಅನುಕ್ರಮ ಸಡಿಲಾದಲ್ಲಿ ವಾಕ್ಯಕ್ಕೆ ಎರಡೂ ಅರ್ಥ ಬರುತ್ತದೆ. ನಮ್ಮಲ್ಲಿ ಪದಗಳು ಹಿಂದೆಮುಂದಾದರೂ ‘ಒಂದು’ವಿಗೆ ಹತ್ತಿದ ಆ ಏಕಾರ ಅರ್ಥವನ್ನು ಬಿಡದೆ ಹಿಡಿದಿರುತ್ತದೆ. ಅವಧಾರಣೆಯ ಏಕಾರವೆಂದು ನಾವು ವ್ಯಾಕರಣದ ತರಗತಿಯಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಆ ಪುಟ್ಟ ಪ್ರತ್ಯಯವು ಯೂರೋಪಿನ ಪಂಡಿತರು ಇಪ್ಪತ್ತೈದು ವರ್ಷ ತಡವರಿಸಿದ ಸ್ಥಳದಲ್ಲಿ ದೀಪ ಹಿಡಿದು ನಿಂತಿದೆ. ಇದರಿಂದ ಕನ್ನಡವು ಫ್ರೆಂಚಿಗಿಂತ ಶ್ರೇಷ್ಠವೆಂದೇನೂ ಆಗುವುದಿಲ್ಲ. ಕೋಶಿಗೆ ತೊಡಕಾದದ್ದು ಭಾಷೆಯೊಂದೇ ಅಲ್ಲ. ಕೈಯಲ್ಲಿರುವ ಉಪಕರಣ ಯಾವುದೆಂದು ನಮಗೆ ತಿಳಿದಿರಬೇಕು, ಅಷ್ಟೆ.

ಆದರೆ ನಮ್ಮ ಸಮಿತಿಗಳು ಕೂಡಿದಾಗ ಚರ್ಚೆ ನಡೆಯುವುದು ಪ್ರತ್ಯಯದ ಮೇಲಲ್ಲ, ಪಾರಿಭಾಷಿಕ ಪದಗಳ ಮೇಲೆ. ‘ಫಂಕ್ಷನ್’ ಎಂಬುದಕ್ಕೆ ‘ಉತ್ಪನ್ನ’ವೋ ‘ಫಲನ’ವೋ ಎಂದು ವಾರಗಟ್ಟಲೆ ವಾದ ಮಾಡಬಹುದು. ಮೇಲೆ ನಾನೂ ‘ಉತ್ಪನ್ನ’ವೆಂದೇ ಬರೆದೆ, ಆದರೆ ಆ ಪದವನ್ನು ಕೇಳಿದ ಹುಡುಗನಿಗೆ ಕಾರ್ಖಾನೆಯ ಸರಕು ನೆನಪಾಗುವುದರಲ್ಲಿ ಅವನ ತಪ್ಪೇನೂ ಇಲ್ಲ. ಹಳೆಯ ಪದಗಳೂ ಕೈಕೊಡುತ್ತವೆ. ಎರಡನೆಯ ಭಾಸ್ಕರಾಚಾರ್ಯನು ೧೧೫೦ರ ‘ಸಿದ್ಧಾಂತಶಿರೋಮಣಿ’ಯಲ್ಲಿ ಗ್ರಹದ ದಿನದ ಸರಾಸರಿ ಗತಿಗಿಂತ ಬೇರೆಯಾಗಿ ಆಯಾ ಕ್ಷಣದ ಗತಿಯನ್ನು ಪರಿಗಣಿಸಿ ಅದನ್ನು ‘ತಾತ್ಕಾಲಿಕ ಗತಿ’ ಎಂದು ಕರೆದನು. ಎಂಥ ಅಚ್ಚುಕಟ್ಟಾದ ಮಾತು! ಆದರೆ ಇಂದಿನ ಕನ್ನಡದಲ್ಲಿ ‘ತಾತ್ಕಾಲಿಕ’ ಎಂದರೆ ಕೆಲದಿನಗಳ ಮಟ್ಟಿನದು. ತಾತ್ಕಾಲಿಕ ನೌಕರ, ತಾತ್ಕಾಲಿಕ ಪರಿಹಾರ. ಕಲ್ಲಿನ ತಾತ್ಕಾಲಿಕ ವೇಗವೆಂದರೆ ಆಮೇಲೆ ಕಾಯಂ ವೇಗ ಬರುತ್ತದೆಯೇ ಎಂದು ಕೇಳುವ ಜಾಣರೂ ಇದ್ದಾರು. ‘ಆ ಕ್ಷಣದ ವೇಗ’ ಎಂದರೆ ಸಾಕು. ನನ್ನ ಮಟ್ಟಿಗೆ ಹೇಳುವುದಾದರೆ ಫಂಕ್ಷನ್, ಲಿಮಿಟ್, ಡೆರಿವೇಟಿವ್ ಎಂಬ ಹೆಸರುಗಳು ಹಾಗೆಯೇ ಕನ್ನಡ ಲಿಪಿಯಲ್ಲಿ ಉಳಿದರೂ ಅಡ್ಡಿಯಿಲ್ಲ. ನಾಮಪದಗಳನ್ನು ಸಾಲ ತಂದು ಬದುಕಿದ ಭಾಷೆ ನಮ್ಮದು. ‘ಆದರೂ’, ‘ಅಷ್ಟು’, ‘ಒಂದೇ’ ಎಂಬಿವನ್ನು ಮಾತ್ರ ಸಾಲ ತರಲಾಗದು.

ಭೌತಶಾಸ್ತ್ರದ ವಿದ್ಯಾರ್ಥಿಯ ಕಷ್ಟಕ್ಕೆ ಇನ್ನೊಂದು ಮುಖವಿದೆ. ಅವನು ಒಂದೇ ದಿನ ಎರಡು ಕಲನಶಾಸ್ತ್ರಗಳನ್ನು ಕೇಳುತ್ತಾನೆ. ಭೌತಶಾಸ್ತ್ರದ ತರಗತಿಯಲ್ಲಿ ‘ಡಿಎಕ್ಸ್’ ಎಂದರೆ ಒಂದು ಚಿಕ್ಕ ತುಂಡು; ಅದನ್ನು ಗುಣಿಸುತ್ತಾರೆ, ಭಾಗಿಸುತ್ತಾರೆ, ಸಮೀಕರಣದ ಈ ಕಡೆಯಿಂದ ಆ ಕಡೆಗೆ ಸಾಗಿಸುತ್ತಾರೆ. ಮುಂದಿನ ಗಂಟೆಯಲ್ಲಿ ಗಣಿತದ ಅಧ್ಯಾಪಕರು ಅದು ತುಂಡಲ್ಲ, ಬಿಡಿಸಿ ಬರೆಯಬಾರದು ಎಂದು ಗದರಿಸುತ್ತಾರೆ. ಇಬ್ಬರೂ ಸರಿಯೇ. ಲೈಬ್ನಿಟ್ಸ್‌ನ ಆ ಸೂಕ್ಷ್ಮ ತುಂಡುಗಳಿಗೂ ತರ್ಕಶುದ್ಧವಾದ ನೆಲೆಯನ್ನು ಅಬ್ರಹಾಂ ರಾಬಿನ್ಸನ್ ೧೯೬೦ರ ದಶಕದಲ್ಲಿ ಕಟ್ಟಿಕೊಟ್ಟದ್ದರಿಂದ ಭೌತಶಾಸ್ತ್ರದವರು ತಲೆತಗ್ಗಿಸಬೇಕಾದ ಕಾರಣವೂ ಈಗ ಇಲ್ಲ. ಆದರೆ ಇಬ್ಬರು ಹೇಳುವುದಕ್ಕೂ ಸಂಬಂಧವೇನೆಂದು ಹುಡುಗನಿಗೆ ಹೇಳುವವರು ಯಾರು? ಉಷ್ಣಗತಿಶಾಸ್ತ್ರಕ್ಕೆ ಬಂದಾಗ ತೊಡಕು ಇನ್ನೂ ಬೆಳೆಯುತ್ತದೆ. ಅನಿಲವೊಂದು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋದಾಗ ಅದರ ಆಂತರಿಕ ಶಕ್ತಿಯ ಬದಲಾವಣೆ ದಾರಿಯನ್ನು ಅವಲಂಬಿಸುವುದಿಲ್ಲ. ಅದು ಹೀರಿದ ಶಾಖ ದಾರಿಯನ್ನು ಅವಲಂಬಿಸುತ್ತದೆ. ಚಾಮುಂಡಿ ಬೆಟ್ಟವನ್ನು ಮೆಟ್ಟಿಲಿನಲ್ಲಿ ಹತ್ತಿದರೂ ಬಸ್ಸಿನ ರಸ್ತೆಯಲ್ಲಿ ಹೋದರೂ ಏರಿದ ಎತ್ತರ ಒಂದೇ, ಸಾಗಿದ ದೂರ ಬೇರೆ. ಇಂಗ್ಲಿಷ್ ಪುಸ್ತಕಗಳಲ್ಲಿ ಈ ಭೇದವನ್ನು ‘ಡಿ’ ಅಕ್ಷರದ ಮೇಲೆ ಸಣ್ಣ ಗೀಟೆಳೆದು ಸೂಚಿಸುವುದುಂಟು. ಆ ಗೀಟು ಏನೆಂದು ತಿಳಿಯದೆ ಪದವಿ ಪಡೆದವರು ಎಷ್ಟು ಜನವೋ.

ಕೆಲವು ಸಹೋದ್ಯೋಗಿಗಳು ಇಲ್ಲಿ ಆಕ್ಷೇಪವೆತ್ತುತ್ತಾರೆ. ಮುಂದೆ ಎಂ.ಎಸ್ಸಿ., ಅದಕ್ಕಾಗಿ ಇಂಗ್ಲಿಷಿನಲ್ಲಿ ನಡೆಯುವ ಪ್ರವೇಶಪರೀಕ್ಷೆಗಳು, ಆಮೇಲೆ ಸಂಶೋಧನೆ. ಕನ್ನಡದಲ್ಲಿ ಕಲಿತವನು ಅಲ್ಲಿ ಎಡವನೇ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ನಾನು ಹೇಳುವುದು ಇಂಗ್ಲಿಷನ್ನು ಬಿಡಬೇಕೆಂದಲ್ಲ. ಇಂಗ್ಲಿಷ್ ನಿರೂಪಣೆಯ ಎದುರು ಪುಟದಲ್ಲಿ ಅರ್ಥವಾಗುವ ಕನ್ನಡ ವಾಕ್ಯವೊಂದು ಇರಲಿ ಎಂದು ಮಾತ್ರ. ಅರ್ಥವಾದ ಮೇಲೆ ಇಂಗ್ಲಿಷ್ ವಾಕ್ಯವನ್ನು ಕಂಠಪಾಠ ಮಾಡುವ ಕಷ್ಟವೂ ತಪ್ಪುತ್ತದೆ. ಆ ಹುಡುಗಿಗೆ ‘ಎಷ್ಟೇ ಚಿಕ್ಕದಾದರೂ’ ಎಂದು ಹೇಳಿದ ಬಳಿಕ ‘ಆರ್ಬಿಟ್ರರಿ’ ಎಂಬ ಪದ ಅವಳನ್ನು ಮತ್ತೆ ಕಾಡಲಿಲ್ಲ.

ದೇಶಭಾಷೆಯಲ್ಲಿ ಇಂಥ ಸೂಕ್ಷ್ಮ ತರ್ಕ ನಿಲ್ಲದು ಎನ್ನುವವರು ಪಕ್ಕದ ಕೇರಳವನ್ನು ನೋಡಬೇಕು. ಸುಮಾರು ೧೫೩೦ರಲ್ಲಿ ಜ್ಯೇಷ್ಠದೇವನು ‘ಯುಕ್ತಿಭಾಷಾ’ವನ್ನು ಬರೆದದ್ದು ಸಂಸ್ಕೃತ ಶ್ಲೋಕಗಳಲ್ಲಲ್ಲ, ಮಲಯಾಳ ಗದ್ಯದಲ್ಲಿ. ಮಾಧವನ ಪರಂಪರೆಯಿಂದ ಬಂದ ಅನಂತಶ್ರೇಣಿಗಳಿಗೆ, ವೃತ್ತದ ಪರಿಧಿಯನ್ನು ೧, ೩, ೫, ೭ ಎಂಬ ಬೆಸಸಂಖ್ಯೆಗಳ ಭಿನ್ನಗಳಿಂದ ಕಟ್ಟುವ ಆ ಸುಪ್ರಸಿದ್ಧ ಶ್ರೇಣಿಗೂ, ಅದರಲ್ಲಿ ಉಪಪತ್ತಿಗಳಿವೆ. ಗೆರೆಯನ್ನು ಅಣುವಿನಷ್ಟು ಚಿಕ್ಕ ತುಂಡುಗಳನ್ನಾಗಿ ಒಡೆಯುತ್ತ ಹೋಗುವ ವಾದವಿದೆ. ಅದು ನ್ಯೂಟನ್ನನ ಕಲನಶಾಸ್ತ್ರವೇ ಎಂದು ಹಿಗ್ಗುವುದು ಅತಿಯಾದೀತು, ಏಕೆಂದರೆ ಎಲ್ಲ ಉತ್ಪನ್ನಗಳಿಗೂ ಅನ್ವಯಿಸುವ ಸಾಮಾನ್ಯ ವಿಧಾನ ಅಲ್ಲಿಲ್ಲ. ಆದರೆ ಯುಕ್ತಿ ಎಂಬುದು ಆಡುಮಾತಿನ ಗದ್ಯದಲ್ಲಿ ನಿಲ್ಲಬಲ್ಲುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನಮ್ಮಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲಿ ಬರೆದ. ೧೯೧೮ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಗೆ ದುಡಿದ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರು, ಕನ್ನಡದ ಹಳೆಯ ಕಾವ್ಯಗಳನ್ನೂ ಬಲ್ಲವರು. ಗಣಿತದ ಅಧ್ಯಾಪಕರಾಗಿದ್ದ ಜಿ. ಟಿ. ನಾರಾಯಣರಾಯರು ಕನ್ನಡದಲ್ಲಿ ಬರೆದು ತೋರಿಸಿದ್ದು ಮೊನ್ನೆಮೊನ್ನೆಯ ಮಾತು. ಇವರು ಯಾರೂ ಇಂಗ್ಲಿಷ್ ವಾಕ್ಯವನ್ನು ಮುಂದಿಟ್ಟುಕೊಂಡು ಪದಕ್ಕೆ ಪದ ಇಟ್ಟವರಲ್ಲ. ವಿಷಯವನ್ನು ಅರಗಿಸಿಕೊಂಡು ತಮ್ಮ ಮಾತಿನಲ್ಲಿ ಹೇಳಿದವರು.

ಯಂತ್ರವನ್ನು ನಾನು ಹಳಿಯಲಾರೆ. ನೂರು ಪುಟದ ಕರಡನ್ನು ಅದು ಗಳಿಗೆಯಲ್ಲಿ ಕೊಡುತ್ತದೆ; ಪ್ರಾಣಿಶಾಸ್ತ್ರದ ವಿವರಣೆಗೋ ವಾಣಿಜ್ಯದ ಅಧ್ಯಾಯಕ್ಕೋ ಅದರಿಂದ ಎಷ್ಟೋ ಕೆಲಸ ಆದೀತು. ಆದರೆ ‘ಒಂದು’ ಇರಬೇಕಾದಲ್ಲಿ ‘ಒಂದೇ’ ಬಿದ್ದರೆ ಪ್ರಮೇಯವೇ ಸುಳ್ಳಾಗುವ ಪುಸ್ತಕದಲ್ಲಿ ಆ ಕರಡನ್ನು ತಿದ್ದುವುದು ಹೊಸದಾಗಿ ಬರೆಯುವುದಕ್ಕಿಂತ ಕಷ್ಟ. ಆದ್ದರಿಂದ ಸಾವಿರದಲ್ಲಿ ಈ ಒಂದು ಪುಸ್ತಕವನ್ನಾದರೂ ಭಾಷಾಂತರದ ಪಟ್ಟಿಯಿಂದ ತೆಗೆದು ಸ್ವತಂತ್ರ ರಚನೆಯ ಪಟ್ಟಿಗೆ ಸೇರಿಸಬೇಕು. ಬರೆಯಲು ಕೂರುವವರು ಮೂವರಿರಲಿ: ಭೌತಶಾಸ್ತ್ರದವರೊಬ್ಬರು, ಗಣಿತದವರೊಬ್ಬರು, ಕನ್ನಡದವರೊಬ್ಬರು. ಮೊದಲ ಇಬ್ಬರು ತಮ್ಮ ‘ಡಿಎಕ್ಸ್’ನ ವ್ಯಾಜ್ಯವನ್ನು ಪುಸ್ತಕದ ಆರಂಭದಲ್ಲಿಯೇ ವಿದ್ಯಾರ್ಥಿಯ ಎದುರು ತೀರಿಸಿಕೊಳ್ಳಲಿ. ಮೂರನೆಯವರು ಪ್ರತ್ಯಯಗಳನ್ನು ಕಾಯಲಿ. ಅಚ್ಚಿಗೆ ಕೊಡುವ ಮುನ್ನ ಮೊದಲ ಹತ್ತು ಪುಟಗಳನ್ನು ಯಾವುದಾದರೊಂದು ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನ ಮೊದಲ ವರ್ಷದ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ, ಅವರು ಎಲ್ಲಿ ತಡೆದು ನಿಲ್ಲುತ್ತಾರೆಂದು ಗುರುತು ಹಾಕಿಕೊಳ್ಳಲಿ. ಹಾಗೆ ನಿಂತ ಕಡೆಯಲ್ಲಿ ಪದವನ್ನು ಬದಲಾಯಿಸುವ ಮೊದಲು ವಾಕ್ಯವನ್ನು ಬದಲಾಯಿಸಿ ನೋಡಲಿ.